ಇಪ್ಪತ್ತಮೂರಾದ ಮೇಲೆ ಇಪ್ಪತ್ತೈದು

ಮನೆಯಲ್ಲೂ ಅವಳಿಗೆ ಗಾಬರಕ್ಕ ಎಂದೇ ಹೆಸರು, ಕೆಲಸದಲ್ಲೂ ಗಾಬರಕ್ಕ ಎಂದೇ ಹೆಸರು. ಇಟ್ಟವಳು ತಂಗಿ, ಅದು ಮನೆಯ ಹೊಸ್ತಿಲು ದಾಟಿ ಕೆಲಸದ ಜಾಗದವರೆಗೆ ಹೇಗೆ ನಡೆದು ಬಂತೋ ದೇವರೇ ಬಲ್ಲ. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ವಾಪಸು ಬಂದು ಬೀಗ ಎಳೆದು ನೋಡುವಳು. ಗ್ಯಾಸ್ ಆರಿಸಿದ್ದು ನೆನಪಿದ್ದರೂ ಗಂಡನಿಗೆ ಫೋನ್ ಮಾಡಿ "ಒಂದ್ಸಲ ನೋಡಿಬಿಡಿ" ಎನ್ನುವಳು. ಗಂಡ ಪಾಪದವನು, ಹಾಸಿಗೆಯಿಂದ ಏಳದೆಯೇ "ನೋಡ್ದೆ, ಆರಿದೆ" ಎನ್ನುವುದನ್ನು ಎಂದೋ ಕಲಿತುಬಿಟ್ಟಿದ್ದ. ಹಗ್ಗ ಕಂಡು ಹಾವೆನ್ನುವವರು ಊರ ತುಂಬ ಇದ್ದಾರೆ. ಇವಳು ಹಗ್ಗವೂ ಕಾಣುವ ಮೊದಲೇ ಕೋಲು ಹುಡುಕುವವಳು.

ಇಂಥವಳ ಕೈಗೆ ವಸ್ತುಸಂಗ್ರಹಾಲಯದವರು ತೂಗುಸೇತುವೆಯ ಬಾಗಿಲನ್ನು ಒಪ್ಪಿಸಿದ್ದು ಸರಿಯಾಗಿಯೇ ಇತ್ತು ಎನ್ನಬೇಕು. ಅಲ್ಲಿನ ದೊಡ್ಡ ಸಭಾಂಗಣದ ನೆಲದ ಮೇಲೆ ತಿಮಿಂಗಿಲದ ಅಸ್ಥಿಪಂಜರವೊಂದನ್ನು ಮಲಗಿಸಿದ್ದರು. ಅದನ್ನು ಮೇಲಿನಿಂದ ನೋಡಲಿ ಎಂದು ಎರಡನೆಯ ಮಹಡಿಯಿಂದ ಸಭಾಂಗಣದ ನಡುಮಧ್ಯದವರೆಗೆ ಒಂದು ಕಿರುಸೇತುವೆ, ಅದರ ತುದಿಗೆ ಗಾಜಿನ ನೆಲದ ದುಂಡು ಕಟ್ಟೆ. ಹೋಗುವುದಕ್ಕೂ ಬರುವುದಕ್ಕೂ ಇರುವುದು ಒಂದೇ ದಾರಿ, ಒಂದೇ ಬಾಗಿಲು. ಕಟ್ಟಿದ ಎಂಜಿನಿಯರು ಹೊರಡುವಾಗ ಹೇಳಿದ ಮಾತು ಅವಳಿಗೆ ಬಾಯಿಪಾಠವಾಗಿತ್ತು. "ಇಪ್ಪತ್ನಾಲ್ಕು ಜನ, ಅಷ್ಟೆ. ಒಂದಿಬ್ರು ಹೆಚ್ಚಾದ ತಕ್ಷಣ ಕಿತ್ಕೊಂಡು ಬೀಳಲ್ಲ. ಆದ್ರೆ ಹೆಚ್ಚಿದ್ದು, ಅವರೆಲ್ಲ ಒಂದೇ ಕಡೆ ಓಡಿದ್ರು ಅಂತಿಟ್ಕೊಳ್ಳಿ, ಆಗ ನನ್ನ ಕೇಳ್ಬೇಡಿ."

ಬಾಗಿಲು ನಡೆಸುವ ವಿದ್ಯೆ ಸುಲಭದ್ದು. ಕಂಪ್ಯೂಟರಿನ ಪರದೆಯ ಮೇಲೆ ಸಣ್ಣಸಣ್ಣ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ದಾರಗಳು. ಸಾಲುಸಾಲು ಬರೆಯುವ ಗೋಜಿಲ್ಲ. ಬೇಕಾದ ಡಬ್ಬಿ ಎಳೆದು ತಂದು ದಾರ ಕಟ್ಟಿದರೆ ಆಯಿತು. ಒಂದು ಡಬ್ಬಿಗೆ ಬಾಗಿಲ ಮೇಲಿನ ಕ್ಯಾಮೆರಾ ಕ್ಷಣಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತದೆ: ಸೇತುವೆಯ ಮೇಲೆ ಈಗ ಇಷ್ಟು ತಲೆ. ಇನ್ನೊಂದು ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಎಂಬ ಸಂಖ್ಯೆ ಕೂತಿರುತ್ತದೆ. ಎರಡರ ದಾರಗಳೂ ಮೂರನೆಯ ಡಬ್ಬಿಗೆ ಹೋಗುತ್ತವೆ. ಅದು ಎರಡು ಪೂರ್ಣಸಂಖ್ಯೆಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡುವ ಡಬ್ಬಿ. ಹೇಗೆ ನೋಡಬೇಕೆಂದು ನಾವೇ ಆರಿಸಿಕೊಡಬೇಕು: ಸಮವೇ, ಚಿಕ್ಕದೇ, ದೊಡ್ಡದೇ, ಸಮ ಅಥವಾ ದೊಡ್ಡದೇ. ಅದು ಹೌದು ಎಂದರೆ ದಾರ ಹಸಿರಾಗಿ, ಗಾಜಿನ ಬಾಗಿಲು ಮುಚ್ಚಿ, ಮೇಲೆ ಕೆಂಪು ದೀಪ ಹತ್ತಿ, ಗಂಟೆ ಬಾರಿಸಿ, 'ಸೇತುವೆ ತುಂಬಿದೆ' ಎಂದು ಸಭಾಂಗಣವೆಲ್ಲ ಕೇಳುವಂತೆ ಒಂದು ಹೆಣ್ಣುದನಿ ಹೇಳುತ್ತದೆ. ಆಮೇಲೆ ಒಳಗಿದ್ದವರು ಹೊರಬರಬೇಕೆಂದರೆ ಕಾವಲಿನವರು ಗುಂಡಿ ಒತ್ತಬೇಕು; ಬಾಗಿಲು ತನಗೆ ತೋಚಿದಷ್ಟು ಹೊತ್ತು ತೆಗೆದುಕೊಂಡು ತೆರೆದುಕೊಳ್ಳುತ್ತದೆ.

ಮೊದಲು ಅವಳು ಆರಿಸಿದ್ದು 'ಸಮ ಅಥವಾ ದೊಡ್ಡದು' ಎಂಬುದನ್ನೇ. ಹುಟ್ಟಾ ಗಾಬರಿಯವಳು ಬೇರೇನು ಆರಿಸಿಯಾಳು? ಆದರೆ ಈ ಡಬ್ಬಿ-ದಾರದ ವಿದ್ಯೆಗೆ ಒಂದು ಕೆಟ್ಟ ಗುಣ ಉಂಟು, ಯಾರು ಬೇಕಾದರೂ ಓದಿಬಿಡಬಹುದು. ಮ್ಯಾನೇಜರ್ ಬಂದರು, ಹಿಂದೆ ಕೈ ಕಟ್ಟಿ ಬಗ್ಗಿ ಪರದೆ ನೋಡಿದರು, ಆ ಡಬ್ಬಿಯ ಮೇಲೆ ಬೆರಳಿಟ್ಟರು.

"ಇದೇನಿದು, ದೊಡ್ಡದು ಅಂತ? ಇಪ್ಪತ್ನಾಲ್ಕಕ್ಕಿಂತ ದೊಡ್ಡದು ಆಗೋಕೆ ನಾವು ಬಿಡ್ತೀವಾ?"

"ಬಿಡಲ್ಲ ಸರ್. ಅಕಸ್ಮಾತ್ ಆದ್ರೆ ಅಂತ."

"ಅಕಸ್ಮಾತ್ ಅಂತ ನಾವೇ ಬರ್ಕೊಟ್ಟ ಹಾಗಾಯ್ತಲ್ಲಮ್ಮ! ನಾಳೆ ತಪಾಸಣೆಗೆ ಬರೋರು ಇದನ್ನ ನೋಡಿ, 'ಓಹೋ, ಇಲ್ಲಿ ಹೆಚ್ಚಾಗೋದೂ ಉಂಟು' ಅಂದ್ರೆ ಏನ್ ಹೇಳ್ಲಿ? ಇಪ್ಪತ್ನಾಲ್ಕಾದ ಕೂಡ್ಲೇ ಬಾಗಿಲು ಮುಚ್ಚುತ್ತೆ ತಾನೆ? ಸಮ ಅಂತ ಹಾಕಿ, ಸಾಕು. ಎಲ್ಲಾದಕ್ಕೂ ಗಾಬರಿ ಬಿದ್ರೆ ಹೇಗೆ?"

ಸುತ್ತಲಿದ್ದ ನಾಲ್ಕು ಜನ ನಕ್ಕರು. ಅವಳಿಗೂ ಬೇಸರ ಬಂದಿತ್ತು. ದಿನಬೆಳಗಾದರೆ ಅದೇ ಹೆಸರು, ಅದೇ ನಗು. ಒಮ್ಮೆಯಾದರೂ ಧೈರ್ಯದವಳಾಗೋಣ ಎನ್ನಿಸಿತು. ಜೊತೆಗೆ ಯೋಚಿಸಿ ನೋಡಿದರೆ ಅವರ ಮಾತಲ್ಲಿ ತಪ್ಪೂ ಕಾಣಲಿಲ್ಲ. ಮನುಷ್ಯರ ಲೆಕ್ಕ, ಅದರಲ್ಲಿ ಅರ್ಧ ಕಾಲು ಇರುವುದಿಲ್ಲ. ಇಪ್ಪತ್ತಮೂರು ಆದ ಮೇಲೆ ಇಪ್ಪತ್ತನಾಲ್ಕನ್ನು ಮುಟ್ಟದೆ ಇಪ್ಪತ್ತೈದಕ್ಕೆ ಹೋಗುವುದಾದರೂ ಹೇಗೆ? ಒಂದು ಕ್ಲಿಕ್ಕಿನಲ್ಲಿ ಬದಲಾಯಿಸಿದಳು. ಬದಲಾಯಿಸಿದ್ದನ್ನು, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ತಿರುಗಿ ನೋಡಲಿಲ್ಲ.

ಪರೀಕ್ಷೆ ಮಾಡದೆ ಏನೂ ಬಿಡಲಿಲ್ಲ. ಆದರೆ ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತಿದ್ದವರು ಡ್ರಿಲ್ ಮೇಷ್ಟ್ರು. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸಿ ನಿವೃತ್ತರಾಗಿ ಇಲ್ಲಿ ಕಾವಲಿಗೆ ಸೇರಿದವರು. ಮನುಷ್ಯರು ಸಾಲಿನಲ್ಲಿ ಇಲ್ಲದಿದ್ದರೆ ಅವರಿಗೆ ಕಣ್ಣು ನೋಯುತ್ತಿತ್ತು. ಕಚೇರಿಯವರು, ತೋಟದವರು, ಕ್ಯಾಂಟೀನಿನವರು, ಎಲ್ಲರನ್ನೂ ಒಬ್ಬರ ಹಿಂದೆ ಒಬ್ಬರಂತೆ, ನಡುವೆ ಒಂದು ಕೈ ಅಂತರ ಬಿಡಿಸಿ ಒಳಗೆ ಕಳಿಸಿದರು. ಬಾಗಿಲು ಇಪ್ಪತ್ತನಾಲ್ಕಕ್ಕೆ ಠಪ್ಪನೆ ಮುಚ್ಚಿತು. ಮತ್ತೆ ಮಾಡಿದರು, ಮತ್ತೆ ಮುಚ್ಚಿತು. ತಪಾಸಣೆಯವರು ಚಪ್ಪಾಳೆ ತಟ್ಟಿ ಹೋದರು.

ಸಾರ್ವಜನಿಕರಿಗೆ ತೆರೆದ ದಿನ ಬೆಳಿಗ್ಗೆ ಮ್ಯಾನೇಜರ್ ಹೇಳಿದ್ದು ಇಷ್ಟೆ: "ಮೇಷ್ಟ್ರೇ, ಇದು ಶಾಲೆ ಅಲ್ಲ. ದುಡ್ಡು ಕೊಟ್ಟು ಬಂದೋರನ್ನ ಸಾಲಲ್ಲಿ ನಿಲ್ಲಿಸಬೇಡಿ. ಬಾಗಿಲು ಅದರ ಪಾಡಿಗೆ ಅದು ನೋಡ್ಕೊಳ್ಳುತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ." ಮೇಷ್ಟ್ರು ಮುಖ ಹುಳ್ಳಗೆ ಮಾಡಿಕೊಂಡು ಕುರ್ಚಿಯಲ್ಲಿ ಕೂತರು.

ಗಾಬರಕ್ಕ ಒಂದು ಮಹಡಿ ಮೇಲಿನ ನಿಯಂತ್ರಣದ ಕೋಣೆಯಲ್ಲಿದ್ದಳು. ತಂಗಿ ಬಂದಿದ್ದಳು, ಜೊತೆಗೆ ಅಕ್ಕನ ಏಳು ವರ್ಷದ ಮಗಳು ಪುಟ್ಟಿಯನ್ನೂ ಕರೆದುಕೊಂಡು. ಹೋಗುವ ಮುಂಚೆ ಇಬ್ಬರೂ ಮೇಲೆ ಬಂದು ಇಣುಕಿದರು.

"ಅಮ್ಮ, ಆ ಬಾಗಿಲು ನೀನೇ ಮಾಡಿದ್ದಾ?"

"ಬಾಗಿಲು ಬಡಗಿ ಮಾಡಿದ್ದು. ಅದಕ್ಕೆ ಬುದ್ಧಿ ಕೊಟ್ಟಿದ್ದು ನಾನು."

"ಹಾಗಾದ್ರೆ ಅದಕ್ಕೂ ಗಾಬರಿ ಜಾಸ್ತಿ ಇರುತ್ತೆ ಬಿಡು," ಎಂದಳು ತಂಗಿ. ಪುಟ್ಟಿ ಕಿಸಕ್ಕನೆ ನಕ್ಕು ಚಿಕ್ಕಮ್ಮನ ಕೈ ಎಳೆದುಕೊಂಡು ಓಡಿದಳು.

ಅವರಿಬ್ಬರೂ ಸೇತುವೆಗೆ ಕಾಲಿಟ್ಟಾಗ ಪರದೆಯ ಮೇಲೆ ಹನ್ನೊಂದು ಇತ್ತು. ಆಮೇಲೆ ಹದಿನಾಲ್ಕು. ಹೋಗುವವರಿದ್ದರು, ಬರುವವರು ಇರಲಿಲ್ಲ. ಗಾಜಿನ ಕಟ್ಟೆಯ ಮೇಲೆ ನಿಂತವರಿಗೆ ತಿಮಿಂಗಿಲದ ಪಕ್ಕೆಲುಬು ಎಣಿಸಿ ಮುಗಿಯುತ್ತಿರಲಿಲ್ಲ. ಇಪ್ಪತ್ತು, ಇಪ್ಪತ್ತೊಂದು. ಅವಳು ಕುರ್ಚಿಯ ತುದಿಗೆ ಬಂದಳು. ಬಾಗಿಲು ಮುಚ್ಚುವುದನ್ನು ಕಣ್ಣಾರೆ ಒಮ್ಮೆ ನೋಡಿಬಿಡುವ ಆಸೆ. ಇಪ್ಪತ್ತಮೂರು ಆಯಿತು. ಆಗ ಕ್ಯಾಮೆರಾದಲ್ಲಿ ಒಬ್ಬ ಅಪ್ಪ ಕಾಣಿಸಿಕೊಂಡ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಹುಡುಗ ಅಪ್ಪನ ಕೂದಲು ಹಿಡಿದು ಎಳೆಯುತ್ತಿದ್ದ. ಒಂದೇ ಹೆಜ್ಜೆ, ಎರಡು ತಲೆ.

ಇಪ್ಪತ್ತೈದು.

ದಾರ ಹಸಿರಾಗಲಿಲ್ಲ. ಡಬ್ಬಿ ಇಪ್ಪತ್ತೈದನ್ನೂ ಇಪ್ಪತ್ತನಾಲ್ಕನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿತು, ಸಮವಲ್ಲ ಎಂದಿತು, ಸುಮ್ಮನಾಯಿತು. ಅದಕ್ಕೆ ಹೇಳಿದ್ದು ಅಷ್ಟೇ ತಾನೆ. ಇಪ್ಪತ್ತಾರು ಬಂತು, ಆಗಲೂ ಸಮವಲ್ಲ. ಇನ್ನು ಇಡೀ ಊರೇ ನಡೆದುಬಂದರೂ ಆ ಡಬ್ಬಿ ಸಮವಲ್ಲ, ಸಮವಲ್ಲ ಎನ್ನುತ್ತಲೇ ಇರುತ್ತದೆ ಎಂಬುದು ಅವಳಿಗೆ ಅರ್ಥವಾಯಿತು.

ಕೈ ತಾನಾಗಿಯೇ ಆ ಡಬ್ಬಿಯತ್ತ ಹೋಯಿತು. ಅರ್ಧದಲ್ಲೇ ನಿಂತಿತು. ಪರದೆಯಲ್ಲಿ ನಡೆಯುತ್ತಿರುವ ಲೆಕ್ಕವನ್ನು ನಿಲ್ಲಿಸದೆ ಏನೂ ಬದಲಾಯಿಸುವಂತಿಲ್ಲ. ನಿಲ್ಲಿಸಿದರೆ ಮೊದಲು ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿ ಗಂಟೆ ಹೊಡೆಯುತ್ತದೆ. ಸುರಕ್ಷತೆಗೆಂದು ಅದನ್ನು ಹಾಗೆ ಕಟ್ಟಿದವಳೂ ಅವಳೇ. ಸೇತುವೆಯ ಮೇಲಿದ್ದವರು ಹಿಂತಿರುಗಿ ನೋಡಿದರೆ ಮುಚ್ಚಿದ ಬಾಗಿಲು, ಕೆಂಪು ಬೆಳಕು. ಯಾರೋ ಒಬ್ಬರು ಓಡಿದರೆ ಸಾಕು, ಮಿಕ್ಕವರನ್ನು ಹಿಡಿಯುವವರಿಲ್ಲ. ಎಂಜಿನಿಯರು ಹೇಳಿದ್ದೂ ಅದನ್ನೇ.

ಮೇಷ್ಟ್ರ ಫೋನಿಗೆ ಕರೆ ಮಾಡಿದಳು. ಕೆಲಸದ ಹೊತ್ತಿನಲ್ಲಿ ಫೋನ್ ಆರಿಸಿಡಬೇಕೆಂಬ ನಿಯಮವನ್ನು ಇಡೀ ಕಟ್ಟಡದಲ್ಲಿ ಪಾಲಿಸುವವರು ಅವರೊಬ್ಬರೇ. ಅವಳು ಮೇಜಿನ ಮೇಲಿದ್ದ ಟ್ಯಾಬನ್ನು ಎತ್ತಿಕೊಂಡು ಓಡಿದಳು. ಅದರಲ್ಲಿ ಡಬ್ಬಿ, ದಾರ, ಸಂಖ್ಯೆ ಎಲ್ಲ ಕಾಣುತ್ತಿತ್ತು, ಮುಟ್ಟಲು ಮಾತ್ರ ಬರುತ್ತಿರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಇಪ್ಪತ್ತೆಂಟು.

ಕೆಳಗೆ ಮ್ಯಾನೇಜರ್ ಎದುರಾದರು. "ಏನಮ್ಮಾ, ಮತ್ತೆ ಶುರುವಾಯ್ತಾ?" ಎಂದು ನಗುತ್ತಲೇ ಕೇಳಿದರು. ಅವಳು ಟ್ಯಾಬನ್ನು ಅವರ ಮೂಗಿಗೆ ಹಿಡಿದಳು. ಮೂವತ್ತು ಇತ್ತು, ಅವರು ನೋಡುತ್ತಿದ್ದಂತೆಯೇ ಮೂವತ್ತೊಂದಾಯಿತು. ಅವರ ನಗು ಮುಖದ ಮೇಲೆ ಏನು ಮಾಡಬೇಕೆಂದು ತೋಚದೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು.

"ಮೈಕಲ್ಲಿ ಹೇಳಿಸ್ಲಾ?"

"ಬೇಡ ಸರ್! ಮೈಕಲ್ಲಿ ಹೇಳಿದ್ರೆ ಎಲ್ರೂ ಒಟ್ಟಿಗೆ ಓಡಿ ಬರ್ತಾರೆ. ಒಬ್ಬೊಬ್ಬರೇ ಬರ್ಬೇಕು, ನಡ್ಕೊಂಡು ಬರ್ಬೇಕು. ಯಾಕೆ ಅಂತ ಅವರಿಗೆ ಗೊತ್ತಾಗಬಾರದು."

ಬಾಗಿಲ ಬಳಿ ಮೇಷ್ಟ್ರು ಕೈಕಟ್ಟಿ ಕೂತೇ ಇದ್ದರು. ಅವಳು ಕಿವಿಯಲ್ಲಿ ಹೇಳಿದ್ದು ಎರಡೇ ಮಾತು. ಅವರು ಎದ್ದು, ಒಳಗೆ ಹೋಗುತ್ತಿದ್ದ ಗುಂಪಿಗೆ ಅಡ್ಡ ನಿಂತು ಎರಡೂ ತೋಳು ಚಾಚಿದರು. ಹಿಂದಿನವರು ಗೊಣಗಿದರು. ಸೇತುವೆ ಕಿರ್ ಎಂದಿತು. ದಿನವೂ ಕೇಳುವ ಸದ್ದೇ ಅದು, ಆದರೂ ಅವಳ ಕಣ್ಣು ಮಗಳನ್ನು ಹುಡುಕಿತು.

ಪುಟ್ಟಿ ದೂರದ ತುದಿಯಲ್ಲಿದ್ದಳು. ಗಾಜಿನ ಮೇಲೆ ಬೋರಲಾಗಿ ಮಲಗಿ, ಎರಡೂ ಅಂಗೈ ಕಣ್ಣಿನ ಪಕ್ಕ ಒತ್ತಿಕೊಂಡು ಕೆಳಗೆ ನೋಡುತ್ತಿದ್ದಳು. ಅವಳ ಮತ್ತು ಬಾಗಿಲ ನಡುವೆ ಮೂವತ್ತು ಜನ. ಕೂಗಿದರೆ ಕೇಳಿಸುವ ದೂರ. ತಾಯಿಯ ಬಾಯಿಗೆ ಹೆಸರು ಬಂದೂ ಬಂತು. ಆದರೆ ಈ ಹುಡುಗಿ ಎಂಥವಳೆಂದು ತಾಯಿಗಲ್ಲದೆ ಯಾರಿಗೆ ಗೊತ್ತು? ಅಮ್ಮ ಕರೆದರೆ ನಡೆದು ಬರುವ ಜಾಯಮಾನವಲ್ಲ. ಜನರ ಕಾಲ ಸಂದಿಯಲ್ಲಿ ನುಗ್ಗಿ, ಎಡವಿ, ಓಡಿಯೇ ಬರುವವಳು. ಮಗು ಓಡಿದರೆ ಚಿಕ್ಕಮ್ಮ ಓಡುತ್ತಾಳೆ, ಚಿಕ್ಕಮ್ಮ ಓಡಿದರೆ ಪಕ್ಕದವರು. ಅವಳು ಹೆಸರನ್ನು ನುಂಗಿದಳು.

ಆಗ ಉಪಾಯ ಹೊಳೆದದ್ದು ಮ್ಯಾನೇಜರಿಗೆ, ಅದನ್ನು ಒಪ್ಪಿಕೊಳ್ಳಲೇಬೇಕು. ಅವರು ಫೋನ್ ಎತ್ತಿ ಹಿಡಿದು, ಮದುವೆ ಮನೆಯ ಯಜಮಾನರ ಹಾಗೆ ಮುಖ ಅರಳಿಸಿ ಹೇಳಿದರು: "ಮೊದಲನೇ ದಿನ ಬಂದೋರಿಗೆಲ್ಲ ಒಂದೊಂದು ಫೋಟೋ! ಒಬ್ಬೊಬ್ಬರೇ ಬನ್ನಿ, ಬಾಗಿಲು ದಾಟಿ ಇಲ್ಲಿ ನಿಂತ್ಕೊಳ್ಳಿ. ಅವಸರ ಇಲ್ಲ."

"ಹತ್ತಿರ ಇರೋರು ಮೊದಲು!" ಎಂದು ಮೇಷ್ಟ್ರು ದನಿಗೂಡಿಸಿದರು. "ಒಬ್ಬರ ಹಿಂದೆ ಒಬ್ಬರು. ನಡುವೆ ಒಂದು ಕೈ ಜಾಗ. ತಲೆ ನೇರ!"

ಫೋಟೋ ಎಂದರೆ ಜನ ತಲೆಗೂದಲು ಸರಿಮಾಡಿಕೊಂಡು ನಿಧಾನವಾಗಿಯೇ ಬರುತ್ತಾರೆ. ಒಬ್ಬೊಬ್ಬರಾಗಿ ಬಂದರು. ಮ್ಯಾನೇಜರ ಕಣ್ಣು ಟ್ಯಾಬಿನತ್ತಲೇ ಇದ್ದದ್ದರಿಂದ ಆ ಚಿತ್ರಗಳಲ್ಲಿ ಒಂದಾದರೂ ಸರಿ ಬಂದಿರಲಾರದು. ಹೆಗಲ ಮೇಲಿನ ಹುಡುಗನನ್ನು ಇಳಿಸಿ ಅಪ್ಪ ಮುಂದೆ, ಮಗ ಹಿಂದೆ ಬಂದರು. ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಅವಳ ಕಣ್ಣು ಟ್ಯಾಬಿನ ಮೇಲೆಯೇ. ಇಪ್ಪತ್ತೇಳು. ಇನ್ನು ಮೂರು ಜನ ಬಂದರೆ ಸರಿಯಾಗಿ ಇಪ್ಪತ್ತನಾಲ್ಕು, ಆಮೇಲೆ ಭಯವಿಲ್ಲ ಎಂದುಕೊಂಡಳು.

ಸರಿಯಾಗಿ ಇಪ್ಪತ್ತನಾಲ್ಕು ಎಂದುಕೊಂಡದ್ದೇ ತಡ, ಅವಳಿಗೆ ಆ ಡಬ್ಬಿ ನೆನಪಾಯಿತು. ಡಬ್ಬಿಗೆ ಏರುವುದು ಇಳಿಯುವುದು ಒಂದೂ ಗೊತ್ತಿಲ್ಲ. ಸಮವೇ ಎಂದಷ್ಟೇ ನೋಡುತ್ತದೆ. ಹೋಗುವಾಗ ನೆಗೆದುಹೋದ ಇಪ್ಪತ್ತನಾಲ್ಕು ಬರುವಾಗ ದಾರಿಯಲ್ಲಿ ಕಾದು ಕೂತಿತ್ತು. ಅದನ್ನು ಮುಟ್ಟಿದ ಕ್ಷಣ ಬಾಗಿಲು ಮುಚ್ಚುತ್ತದೆ, ಹೊರಬರಲು ಸಾಲು ನಿಂತವರ ಮುಖಕ್ಕೇ ಮುಚ್ಚುತ್ತದೆ. ಕೆಂಪು ದೀಪ, ಗಂಟೆ, 'ಸೇತುವೆ ತುಂಬಿದೆ' ಎಂಬ ದನಿ. ಇಪ್ಪತ್ತನಾಲ್ಕು ಜನ ಒಂದೇ ಗಾಜಿಗೆ ಬಂದು ಒರಗುತ್ತಾರೆ. ಪುಟ್ಟಿ ಅವರ ಕಾಲ ಕೆಳಗೆ.

ಇಪ್ಪತ್ತಾರು.

"ಮೇಷ್ಟ್ರೇ, ಈಗ ಇಬ್ಬರು ಒಟ್ಟಿಗೆ ಬರ್ಬೇಕು."

"ಒಬ್ಬೊಬ್ಬರೇ ಅಂದ್ಯಲ್ಲ ತಾಯಿ?"

"ಇವರಾದ ಮೇಲೆ ಇಬ್ಬರು! ಒಂದೇ ಹೆಜ್ಜೆಲಿ, ಭುಜಕ್ಕೆ ಭುಜ ತಾಗಿಸ್ಕೊಂಡು. ಬಿಡಿಸಿ ಹೇಳೋಕೆ ಟೈಮಿಲ್ಲ."

ಮಾತಾಡುತ್ತಿರುವಾಗಲೇ ಒಬ್ಬ ಹುಡುಗಿ ದಾಟಿ ಬಂದಳು. ಇಪ್ಪತ್ತೈದು. ಅವಳ ಹಿಂದೆ ವಯಸ್ಸಾದ ಒಬ್ಬ ಹೆಂಗಸು, ಬ್ಯಾಗನ್ನು ಎದೆಗವಚಿಕೊಂಡು, ಕಾಲು ಎತ್ತಿಯೇ ಬಿಟ್ಟಿದ್ದರು. ಅವರಿಗಿಂತ ನಾಲ್ಕು ಹೆಜ್ಜೆ ಹಿಂದೆ ಅವರ ಯಜಮಾನರು.

"ಅಲ್ಲೇ ನಿಲ್ಲಿಮ್ಮಾ!" ಎಂದು ಕೂಗಿದ್ದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಗಲಿಲ್ಲ. ಕೂಡಲೇ ದನಿ ತಗ್ಗಿಸಿ ನಕ್ಕಳು. ಅದೆಂಥ ನಗುವೋ. "ಜೋಡಿ ಫೋಟೋ ತೆಗೀತಾರೆ. ಯಜಮಾನರೂ ಬರ್ಲಿ."

"ಅವರ ಜೊತೆ ನಂಗೆ ಫೋಟೋ ಬೇಡಮ್ಮ," ಎಂದರು ಆಕೆ. "ಕನ್ನಡಕ ಮನೇಲಿ ಬಿಟ್ಟು ಬಂದು, ತಿಮಿಂಗಿಲ ಎಲ್ಲಿದೆ ಅಂತ ನನ್ನ ಕೇಳ್ತಾರೆ."

"ಬಿಟ್ಟೋಳು ನೀನು," ಎಂದರು ಹಿಂದಿನಿಂದ ಯಜಮಾನರು.

ಅವರ ಬೆನ್ನ ಹಿಂದೆ ಸಾಲು ದಟ್ಟವಾಗುತ್ತಿತ್ತು. ಸೇತುವೆ ಮತ್ತೆ ಕಿರ್ ಎಂದಿತು, ಈ ಸಲ ಕೊಂಚ ಉದ್ದವಾಗಿ. ಯಾರೋ "ಏನದು?" ಎಂದರು. ಅವಳು ಹೊಸ್ತಿಲ ಈಚೆಯಿಂದ ಬಗ್ಗಿ, ಕ್ಯಾಮೆರಾದ ಕೆಳಗೆ ತನ್ನ ತಲೆ ಬಾರದಂತೆ ಕೈಯಷ್ಟೇ ಚಾಚಿ, ಆಕೆಯ ಕೈಯನ್ನು ಹಿಡಿದು ಯಜಮಾನರ ಕೈಯಲ್ಲಿಟ್ಟಳು.

"ಈ ವಯಸ್ಸಲ್ಲಿ ಕೈ ಹಿಡ್ಕೊಳ್ಳೋದಾ? ನೋಡಿದೋರು ನಗಲ್ವಾ?" ಎಂದರು ಆಕೆ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಬಲಗಾಲು ಮುಂದೆ," ಎಂದರು ಮೇಷ್ಟ್ರು. ಅವರಿಗೆ ವಿಷಯ ಅರ್ಥವಾಗಿತ್ತೋ ಇಲ್ಲವೋ, ಜೊತೆಹೆಜ್ಜೆ ಹಾಕಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. "ಇಬ್ರೂ ಒಟ್ಟಿಗೆ. ನಾನು ಹೇಳಿದಾಗ. ತಯಾರ್... ಎತ್ತಿ!"

ದಂಪತಿ ಕಾಲೆತ್ತಿ ಹೊಸ್ತಿಲು ದಾಟಿದರು. ಅವಳು ಟ್ಯಾಬ್ ನೋಡಿದಳು. ಇಪ್ಪತ್ತೈದು ಎಂಬುದು ಒಂದು ಕ್ಷಣ ಹಾಗೇ ನಿಂತಿತ್ತು, ಆ ಕ್ಷಣದಲ್ಲಿ ಅವಳು ಹೊತ್ತ ಹರಕೆಗಳನ್ನು ತೀರಿಸಲು ಒಂದು ಜನ್ಮ ಸಾಲದು. ಆಮೇಲೆ ಇಪ್ಪತ್ತಮೂರು.

ಬಾಗಿಲು ಅಲುಗಲಿಲ್ಲ. ಗಂಟೆ ಹೊಡೆಯಲಿಲ್ಲ. ಮ್ಯಾನೇಜರ್ ಫೋಟೋ ತೆಗೆದರು, ಯಜಮಾನರು ಕಣ್ಣು ಕಿರಿದು ಮಾಡಿ ಫೋನಿನ ಬದಲು ಗೋಡೆಯತ್ತ ನೋಡಿ ನಕ್ಕರು. ಉಳಿದವರು ಮತ್ತೆ ಒಬ್ಬೊಬ್ಬರಾಗಿ ಬರತೊಡಗಿದರು.

"ಇನ್ನೇನು ಭಯ ಇಲ್ವಲ್ಲ?" ಮ್ಯಾನೇಜರ್ ತುಟಿ ಅಲುಗಿಸದೆ ಕೇಳಿದರು.

"ಎಲ್ರೂ ಬರ್ಲಿ ಸರ್. ಪೂರ್ತಿ ಖಾಲಿ ಆಗ್ಲಿ."

ಅವರು ಇನ್ನೂ ಇಬ್ಬರ ಫೋಟೋ ತೆಗೆದರು. ಆಮೇಲೆ, "ಆ ಡಬ್ಬಿಲಿ ಮೊದಲು ಇದ್ದಿದ್ದನ್ನೇ ಹಾಕಿಬಿಡಿ. ತಪಾಸಣೆಯವರಿಗೆ ನಾನೇ ಹೇಳ್ತೀನಿ," ಎಂದರು. ಹೇಳಿ, ಹಣೆಯ ಬೆವರನ್ನು ಟೈಯಿಂದ ಒರೆಸಿಕೊಂಡರು. ಅದು ಟೈ ಎಂಬುದೂ ಅವರಿಗೆ ತಿಳಿದಂತಿರಲಿಲ್ಲ.

ಪುಟ್ಟಿ ಮತ್ತು ಚಿಕ್ಕಮ್ಮ ಎಲ್ಲರಿಗಿಂತ ಕೊನೆಗೆ ಬಂದರು. ತಂಗಿ ಅಕ್ಕನ ಮುಖ ನೋಡಿ, ಮೇಷ್ಟ್ರ ಕುರ್ಚಿಯನ್ನು ಅವಳತ್ತ ಎಳೆದಳು. ಟ್ಯಾಬಿನಲ್ಲಿ ಸೊನ್ನೆ ಬಂತು. ಗಾಬರಕ್ಕ ಅಲ್ಲೇ, ಮೇಷ್ಟ್ರ ಕುರ್ಚಿಯಲ್ಲಿ, ಕುಸಿದು ಕೂತಳು. ಕೈ ಚಾಚಿದಳು. ಮಗಳು ಹತ್ತಿರ ಬರಲಿಲ್ಲ. ಎರಡು ಹೆಜ್ಜೆ ದೂರದಲ್ಲೇ ನಿಂತು ಕೆನ್ನೆ ಊದಿಸಿಕೊಂಡಿದ್ದಳು.

"ನಾನು ಅಲ್ಲಿಂದ ಎಷ್ಟೊಂದ್ಸಲ ಕೈ ಬೀಸ್ದೆ. ನೀನು ನೋಡ್ಲೇ ಇಲ್ಲ."

"ನೋಡ್ದೆ ಪುಟ್ಟಿ."

"ಸುಳ್ಳು. ನೋಡಿದ್ರೆ ಕರೀತಿದ್ದೆ. ಬೇರೆಯವರನ್ನೆಲ್ಲ ಕರೆದೆ, ಆ ಅಜ್ಜಿ ಕೈ ಕೂಡ ಹಿಡ್ಕೊಂಡೆ. ನನ್ನೊಬ್ಬಳನ್ನೇ ಕರೀಲಿಲ್ಲ." ಹುಡುಗಿಯ ಕೆಳದುಟಿ ನಡುಗಿತು. "ನೀನು ಒಂದ್ಸಲ ಕರೆದಿದ್ರೂ ಓಡಿ ಬಂದ್ಬಿಡ್ತಿದ್ದೆ."

"ಗೊತ್ತು ಕಣೇ," ಎಂದಳು ತಾಯಿ. "ಅದಕ್ಕೇ ಕರೀಲಿಲ್ಲ."

ಪುಟ್ಟಿಗೆ ಅರ್ಥವಾಗಲಿಲ್ಲ. ಅಮ್ಮ ಅಳುತ್ತಿರುವುದನ್ನು ಕಂಡು, ಸಿಟ್ಟನ್ನು ಅಲ್ಲೇ ಬಿಟ್ಟು, ಆ ಎರಡು ಹೆಜ್ಜೆಯನ್ನೂ ಓಡಿಯೇ ಬಂದಳು.